ಅಣ್ಣನ ಸಾಲು

ಔಡಲ ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಯಲಿಟ್ಟಾಗ ಏಳುವ ವಾಸನೆಯನ್ನು ಕಳಕಮ್ಮ ಚಿಕ್ಕಂದಿನಲ್ಲಿ ಕತ್ತಲೆಯ ವಾಸನೆ ಎಂದೇ ತಿಳಿದಿದ್ದಳು. ಕುಷ್ಟಗಿಯ ತವರಿನಲ್ಲಿ ಅವಳ ಅಜ್ಜಿ ಹಿತ್ತಲಲ್ಲಿ ಕಲ್ಲು ಹೂಡಿ ಆ ಎಣ್ಣೆ ಕಾಸುತ್ತಿದ್ದಳು. ಅದನ್ನು ಪಣತಿಗೆ ಹೊಯ್ಯುವುದು ಹೊತ್ತು ಮುಳುಗಿದ ಮೇಲೆಯೇ ಆದ್ದರಿಂದ, ಸುಟ್ಟ ಸಿಪ್ಪೆಯ ಆ ಜಿಡ್ಡು ಘಾಟು ಮೂಗಿಗೆ ಬಡಿದರೆ ಸಾಕು, ಕತ್ತಲು ಆಗಲೇ ಮನೆಯ ಯಾವುದೋ ಮೂಲೆಯಲ್ಲಿ ಬಂದು ಕೂತಿದೆ ಎನ್ನಿಸುತ್ತಿತ್ತು. ಮದುವೆಯಾಗಿ ಯಲಬುರ್ಗಾದ ಗಾಣಿಗರ ಮನೆಗೆ ಬಂದ ಮೇಲೆ ಚಿಮಣಿ ಬಂತು, ಸೀಮೆಎಣ್ಣೆ ಬಂತು, ಆ ವಾಸನೆ ಮರೆತೇ ಹೋಗಿತ್ತು. ಈಗ ಎಲ್ಲಿಯೋ ದೂರದ ಯುದ್ಧದ ದೆಸೆಯಿಂದ ಪೇಟೆಯಲ್ಲಿ ಸೀಮೆಎಣ್ಣೆ ಕಾಣದಂತಾಗಿ ಕಳಕಮ್ಮ ಮತ್ತೆ ಔಡಲ ಹುರಿಯತೊಡಗಿದ್ದಳು. ಗಾಣದಲ್ಲಿ ತೆಗೆದ ಕುಸುಬಿ ಎಣ್ಣೆ ಮಾರುವ ಮಾಲು. ಮನೆಯ ದೀಪಕ್ಕೆ ಔಡಲವೇ ಗತಿ.

ಆ ಒಂದು ದೀಪಕ್ಕೆ ಈ ಮಳೆಗಾಲದ ತನಕ ಇಬ್ಬರು ಕೂಡುತ್ತಿದ್ದರು. ಮಗ ಕೊಟ್ರಪ್ಪ ಆಚೆ, ಅವನ ಬೆನ್ನಿಗೆ ಬಿದ್ದ ತಂಗಿ ಹಂಪವ್ವ ಈಚೆ. ಕೊಟ್ರ ಮಿಡಲ್ ಶಾಲೆಯ ಐದನೇ ತರಗತಿ. ಹಂಪವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ; ಅಣ್ಣ ಓದಿದ್ದನ್ನು ನೋಡಿ, ಅಂದದ್ದನ್ನು ಕೇಳಿ ತಾನೂ ಕಲಿತವಳು. ಶ್ರಾವಣದಲ್ಲಿ ಕೊಟ್ರನಿಗೆ ಜ್ವರ ಬಂತು. ಅಮಾವಾಸ್ಯೆಯ ಹೊತ್ತಿಗೆ ದೀಪದ ಮುಂದೆ ಹುಡುಗಿ ಒಬ್ಬಳೇ ಉಳಿದಳು.

ಮಣ್ಣು ಕೊಟ್ಟು ಬಂದ ಮೇಲೆ ಮುದಿಯಪ್ಪ ಮಾತು ಬಿಟ್ಟ. ಎತ್ತಿಗೆ ಕಣ್ಣುಪಟ್ಟಿ ಕಟ್ಟಿ ಗಾಣಕ್ಕೆ ಹೂಡಿದರೆ ಹೊತ್ತು ಮುಳುಗಿದ ಮೇಲೂ ಅದರ ಹಿಂದೆ ಸುತ್ತುತ್ತಿದ್ದ. ಹೆಂಡತಿ ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ಇಡದಿದ್ದರೆ ಕೇಳುತ್ತಿರಲಿಲ್ಲ. ಒಂದು ಮುಂಜಾನೆ ಇದ್ದಕ್ಕಿದ್ದಂತೆ ಹಂಪವ್ವನಿಗೆ ತಲೆ ಬಾಚಿಸಿ, ಕೈಹಿಡಿದು ಶಾಲೆಗೆ ಕರೆದೊಯ್ದ. ನಜೀರಸಾಬ ಮಾಸ್ತರರ ಮುಂದೆ ನಿಂತು, ಕೊಟ್ರನ ಜಾಗ ಖಾಲಿ ಇಡಬೇಡಿರಿ, ಇವಳನ್ನು ಕೂಡಿಸಿಕೊಳ್ಳಿರಿ ಎಂದನಂತೆ. ಮಾಸ್ತರರು ಹುಡುಗಿಯ ಮುಖ ನೋಡಲಿಲ್ಲ, ಅಪ್ಪನ ಮುಖ ನೋಡಿದರು. ಆಗಲಿ ಎಂದರು. ಸಂಜೆ ಹುಡುಗರ ನೂಕುನುಗ್ಗಲು ಬೇಡವೆಂದು ಗಂಟೆ ಹೊಡೆಯುವ ಮೊದಲೇ ಅವಳನ್ನು ಮನೆಗೆ ಬಿಡುತ್ತಿದ್ದರು.

ಅತ್ತೆ ಸಣ್ಣವ್ವನಿಗೆ ಇದು ಸರಿಬರಲಿಲ್ಲ. ರೊಟ್ಟಿ ಬಡಿಯುವ ಸೊಸೆಯ ಬೆನ್ನಿಗೆ ಕೂತು ದಿನಾ ಒಂದೇ ಮಾತು. ಹೆಣ್ಣುಹುಡುಗಿ ಗಂಡುಹುಡುಗರ ನಡುವೆ ಕೂತು ಬಂದರೆ ನಾಳೆ ಯಾರ ಮನೆಯ ಹೊಸ್ತಿಲು ದಾಟುತ್ತಾಳೆ, ನಿನ್ನ ಗಂಡನಿಗೆ ಬುದ್ಧಿ ಇಲ್ಲ, ನಿನಗೆ ಬಾಯಿ ಇಲ್ಲ. ಬೈಯುತ್ತಲೇ ಬಿಸಿ ರೊಟ್ಟಿಯಲ್ಲಿ ಅರ್ಧ ಮುರಿದು, ಶೇಂಗಾ ಹಿಂಡಿ ಸವರಿ, ಶಾಲೆಯಿಂದ ಬರುವ ಮೊಮ್ಮಗಳಿಗೆಂದು ಸೆರಗಿನ ಮರೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಕಾರ್ತಿಕ ಮುಗಿಯುವ ಹೊತ್ತಿಗೆ ಮನೆಯಲ್ಲಿ ಬೇರೊಂದು ಶುರುವಾಯಿತು.

ಹಂಪವ್ವ ಸಂಜೆ ದೀಪದ ಮುಂದೆ ಕೂತು ಮಗ್ಗಿ ಹೇಳುವುದು ಎಲ್ಲ ಮಕ್ಕಳಂತೆ ಇರಲಿಲ್ಲ. ಮೊದಲು ಸುಮ್ಮನೆ ಕೂಡುವಳು. ಆಮೇಲೆ "ಒಂಬತ್ತೆರಡ್ಲೆ ಹದಿನೆಂಟು" ಎನ್ನುವಳು. ಮತ್ತೆ ಸುಮ್ಮನಾಗುವಳು. ಒಂದು ಸಾಲು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು, ತಲೆ ಒಂದಿಷ್ಟು ವಾರೆ ಮಾಡಿ, ಕಿವಿಗೊಟ್ಟು. ಆಮೇಲೆ "ಒಂಬತ್ನಾಕ್ಲೆ ಮೂವತ್ತಾರು." ಮತ್ತೆ ಸುಮ್ಮನೆ. ಆ ಬಿಡುವಿನಲ್ಲಿ ಗಾಣದ ಗುಡಿಸಲಿನಿಂದ ಒನಕೆಯ ಕಿರುಗುಟ್ಟುವಿಕೆ ಕೇಳುತ್ತಿತ್ತು, ಪಣತಿಯ ಕುಡಿ ಅತ್ತಿತ್ತ ವಾಲುತ್ತಿತ್ತು. ಕಳಕಮ್ಮ ಮೊದಮೊದಲು ಹುಡುಗಿ ಮರೆತಿದ್ದಾಳೆ, ನೆನಪು ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡಳು. ಮರೆತವರ ಮುಖ ಹಾಗೆ ಇರುವುದಿಲ್ಲ. ಅದು ಇನ್ನೊಬ್ಬರು ಹೇಳುವುದನ್ನು ಕೇಳುವ ಮುಖ.

ಒಂದು ಸಂಜೆ ಹಂಚಿನ ಮೇಲೆ ರೊಟ್ಟಿ ಹಾಕಿ ನೀರು ಸವರುತ್ತಿದ್ದಾಗ ಅವಳಿಗೇ ಕೇಳಿತು. ಹುಡುಗಿ "ಒಂಬತ್ತೆರಡ್ಲೆ ಹದಿನೆಂಟು" ಎಂದು ನಿಲ್ಲಿಸಿದ್ದಳು. ಆ ನಿಶ್ಶಬ್ದದಲ್ಲಿ, ಗೋಡೆಯ ಮಣ್ಣಿನೊಳಗಿಂದ ಬಂದಂತೆ, ಸಣ್ಣ ದನಿಯಲ್ಲಿ, "ಒಂಬತ್ಮೂರ್ಲೆ ಇಪ್ಪತ್ತೇಳು."

ರೊಟ್ಟಿ ಹೊತ್ತಿ ಹೊಗೆಯೆದ್ದ ಮೇಲೆ ಕಳಕಮ್ಮನಿಗೆ ಎಚ್ಚರ. ಪಡಸಾಲೆಗೆ ಬಂದು ನೋಡಿದರೆ ಹಂಪವ್ವ ಒಬ್ಬಳೇ.

"ಯಾರ ಕೂಡ ಮಾತಾಡಾಕತ್ತಿ?"

"ಮಗ್ಗಿ ಅನ್ನಾಕತ್ತೀನವ್ವ," ಎಂದು ಹುಡುಗಿ ದೀಪದಾಚೆಯ ಖಾಲಿ ಜಾಗ ನೋಡಿದಳು.

ಕಳಕಮ್ಮ ಯಾರಿಗೂ ಹೇಳಲಿಲ್ಲ. ಹೊತ್ತಿದ ರೊಟ್ಟಿಯನ್ನು ತಾನೇ ತಿಂದಳು.

ಆ ವಾರವೇ ಶಾಲೆಗಳ ತನಿಖೆಗೆ ಬರುವ ಸಾಹೇಬರು ಯಲಬುರ್ಗಾಕ್ಕೆ ಬಂದು ಮಕ್ಕಳ ಓದು, ಲೆಕ್ಕ ಎರಡನ್ನೂ ಪರೀಕ್ಷೆ ಮಾಡಿ ಹೋದರು. ಎರಡು ದಿನ ಬಿಟ್ಟು ನಜೀರಸಾಬ ಮಾಸ್ತರರು ತಾವೇ ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ಜೇಬಿನಿಂದ ಸಾಹೇಬರು ಬರೆದ ಅಂಕದ ಚೀಟಿ ತೆಗೆದರು. ಸರಕಾರದ ಬರಹವೆಲ್ಲ ಆಗ ಉರ್ದು, ಅದೂ ಉರ್ದುವಿನಲ್ಲಿತ್ತು. ಆ ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇಲ್ಲವೆಂದು ಅವರಿಗೆ ಗೊತ್ತು; ಬೇರೆಯವರ ಬಾಯಿಂದ ಓದಿಸಿ ಊರೆಲ್ಲ ಆಗುವುದು ಬೇಡವೆಂದೇ ಬಂದಿದ್ದರು.

"ಮುದಿಯಪ್ಪ, ಇದು ನನಗ ತಿಳೀವಲ್ದು," ಎಂದರು. "ಹಿಸಾಬ್‌ನ್ಯಾಗ ಮಗ್ಗಿ ಬರಸ್ಯಾರ. ಅರ್ಧ ಬರದಾಳ, ಅರ್ಧ ಬಿಟ್ಟಾಳ. ಬರದಿದ್ರಾಗ ಒಂದೂ ತಪ್ಪಿಲ್ಲ. ಬಿಟ್ಟಿದ್ರಾಗ ಒಂದು ಗೆರಿ ಸುದ್ದಾ ಇಲ್ಲ."

"ಓದು?" ಎಂದ ಮುದಿಯಪ್ಪ.

ಮಾಸ್ತರರು ಚೀಟಿಯನ್ನು ಮಡಚಿ ಜೇಬಿಗಿಟ್ಟರು. ಆಮೇಲೆ ನಡೆದದ್ದನ್ನು ಹೇಳಿದರು. ಪೇಟೆಯಲ್ಲಿ ಕಾಗದಕ್ಕೆ ಬರ, ಶಾಲೆಯಲ್ಲಿ ನಾಲ್ಕು ಮಕ್ಕಳಿಗೆ ಒಂದು ಪುಸ್ತಕ. ದುಂಡಗೆ ಕೂತು ಓದುತ್ತಾರೆ. ಸಾಹೇಬರು ಮಾತ್ರ ಒಬ್ಬೊಬ್ಬರನ್ನೇ ಎದ್ದು ನಿಲ್ಲಿಸಿ ತಮ್ಮ ಪುಸ್ತಕ ಕೈಗೆ ಕೊಟ್ಟರು. ಹಂಪವ್ವ ಅದನ್ನು ಇಸಿದುಕೊಂಡು, ತಲೆಕೆಳಗೆ ತಿರುಗಿಸಿ, ಎಲ್ಲೂ ತಡವರಿಸದೆ ಓದಿದಳು. ಬಾಯಿಪಾಠವೆಂದು ಸಾಹೇಬರು ಬೇರೆ ಹಾಳೆ ತೆಗೆದುಕೊಟ್ಟರು. ಅದನ್ನೂ ತಿರುಗಿಸಿಯೇ ಓದಿದಳು. ನೆಟ್ಟಗೆ ಹಿಡಿಸಿದರೆ ಬಾಯಿ ಬಿಡಲಿಲ್ಲ. ಸಾಹೇಬರು ಪುಸ್ತಕ ಕಸಿದುಕೊಂಡು, ಕೈ ಒರೆಸಿಕೊಂಡು, ಸೊನ್ನೆ ಹಾಕಿದರು. ಕುಷ್ಟಗಿ ಕಡೆಯ ತಿರುಗಾಟ ಮುಗಿಸಿ ಸಂಕ್ರಾಂತಿಯೊಳಗೆ ಮತ್ತೆ ಬರುವವರು. ಆಗಲೂ ಹೀಗೇ ಆದರೆ ಹೆಸರು ಹೊಡೆದು ಹಾಕುವುದಾಗಿ ಹೇಳಿದ್ದಾರೆ.

ಬಾಗಿಲ ಮರೆಯಲ್ಲಿ ನಿಂತ ಕಳಕಮ್ಮನ ಪಕ್ಕದಲ್ಲಿ ಅತ್ತೆಯ ಉಸಿರು ಏರಿತು. ಮಾಸ್ತರರು ಹೋಗುವುದನ್ನೇ ಕಾದಿದ್ದಳು ಸಣ್ಣವ್ವ.

"ಸತ್ತೋರಿಗೆ ಎಲ್ಲಾ ತಿರುವಮುರುವ," ಎಂದಳು. "ಹೆಣ ಎತ್ತಿದ ಮನ್ಯಾಗ ಕೊಡಾ ಬೋರಲ ಹಾಕ್ತೀವಿಲ್ಲ? ಪುಸ್ತಕ ಬೋರಲ ಹಿಡದಾಕಿ ನಮ್ಮ ಹುಡುಗಿ ಅಲ್ಲ. ಅವ. ಅರ್ಧ ಲೆಕ್ಕ ಇಕಿದು, ಅರ್ಧ ಅವಂದು. ಮಾಸ್ತರ ತನ್ನ ಬಾಯಿಂದನ ಹೇಳಿ ಹೋಗ್ಯಾನ, ನಿಮಗ ಕಿವಿ ಇಲ್ಲ."

ಯಲಬುರ್ಗಾದ ಮಗ್ಗುಲಿನ ಹಳ್ಳಿ ಮಂಗಳೂರಿನಲ್ಲಿ ಗಾಳಿ ಬಿಡಿಸುವವನೊಬ್ಬನಿದ್ದ. ಬೇವಿನ ಹಸಿ ಟೊಂಗೆಯ ಜುಳಪಿಯಿಂದ ಬಡಿಯುತ್ತಾನೆ, ಮೆಣಸಿನಕಾಯಿ ಹೊಗೆ ಹಾಕುತ್ತಾನೆ, ಆದರೆ ಬಿಟ್ಟು ಹೋಗುವುದಂತೂ ಖರೆ ಎಂದು ಸಣ್ಣವ್ವ ಹೇಳಿದಳು. ಬರುವ ಅಮಾವಾಸ್ಯೆಗೆ ಬಂಡಿ ಹೂಡಬೇಕು. ಶಾಲೆ ಬಿಡಿಸಬೇಕು.

ಮುದಿಯಪ್ಪ ತಟ್ಟೆಯ ಮುಂದೆ ಕೂತಿದ್ದ. ತಲೆ ಎತ್ತಲಿಲ್ಲ.

"ಬ್ಯಾಡ," ಎಂದ. "ಇದ್ರ ಇರ್ಲಿ. ನನ್ನ ಮಗ ನನ್ನ ಮನ್ಯಾಗ ಇದ್ರ ನಿಮಗೇನ ಭಾರ?"

ಸಣ್ಣವ್ವ ಒಲೆಯ ಕಡೆ ಸರಿದಳು. ಅವಳು ಹೆದರಿದ್ದು ಮೊಮ್ಮಗನಿಗಲ್ಲ, ಆ ಹೊತ್ತು ಮಗನಿಗೆ ಹೆದರಿದಳು. ಕಳಕಮ್ಮ ಪುಂಡಿಪಲ್ಯೆಯ ಗಡಿಗೆ ಹಿಡಿದು ನಿಂತಲ್ಲೇ ನಿಂತಳು. ಅತ್ತೆಗೆ ಹುಡುಗಿಯೊಳಗಿನವನನ್ನು ಹೊಡೆದು ಓಡಿಸಬೇಕು. ಗಂಡನಿಗೆ ಅವನನ್ನು ಅಲ್ಲೇ ಇಟ್ಟುಕೊಳ್ಳಬೇಕು. ನಡುವೆ ಹುಡುಗಿ ಗೋಡೆಗೆ ಒರಗಿ ಕೂತು ತನ್ನ ರೊಟ್ಟಿಯನ್ನು ಚೂರು ಮಾಡುತ್ತಿದ್ದಾಳೆ. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ಮರುದಿನ ಸಂಜೆ ಕಳಕಮ್ಮ ಕೇರುವ ಮರದಲ್ಲಿ ತೊಗರಿಬೇಳೆ ಹಾಕಿಕೊಂಡು ಕಲ್ಲು ಆರಿಸುವ ನೆವದಿಂದ ಪಡಸಾಲೆಗೆ ಬಂದಳು. ಬೆಳಕು ಬೇಕಲ್ಲ ಎಂದು ದೀಪದ ಆಚೆ ಮಗ್ಗುಲಿಗೆ ಕೂತಳು. ಶ್ರಾವಣದಿಂದ ಆ ಜಾಗದಲ್ಲಿ ಯಾರೂ ಕೂತಿರಲಿಲ್ಲ. ಸಗಣಿ ಸಾರಿಸುವಾಗಲೂ ಅವಳ ಕೈ ಅಲ್ಲಿ ಬೇಗ ಬೇಗ ಓಡುತ್ತಿತ್ತು. ನೆಲ ತಣ್ಣಗಿತ್ತು, ಉಳಿದ ಪಡಸಾಲೆಗಿಂತ ಹೆಚ್ಚು ತಣ್ಣಗೆ.

"ಅಲ್ಲಿ ಕೂಡಬ್ಯಾಡವ್ವ," ಎಂದಳು ಹಂಪವ್ವ ಮೆಲ್ಲಗೆ.

"ಬ್ಯಾಳಿ ಆರಿಸಿ ಏಳತೀನಿ. ನೀ ಓದು."

ಕೊಟ್ರನ ಪುಸ್ತಕ ದೀಪದ ಬುಡದಲ್ಲಿತ್ತು. ಹುಡುಗಿ ಅದನ್ನು ಬಿಚ್ಚಿ ನೆಲದ ಮೇಲಿಟ್ಟು ಬಗ್ಗಿ ಓದತೊಡಗಿದಳು. ಕಳಕಮ್ಮನಿಗೆ ಅಕ್ಷರ ಬಾರದು. ಬಾರದ ಅಕ್ಷರದಿಂದ ಕಣ್ಣು ಜಾರಿ ಹಾಳೆಯ ನಡುವಿನ ಚಿತ್ರದ ಮೇಲೆ ನಿಂತಿತು. ಬಾವಿಯ ಕಟ್ಟೆ, ನೀರೆತ್ತುವ ಕಪಿಲೆ ಎಳೆಯುವ ಎತ್ತು. ಒಳ್ಳೆಯ ಎತ್ತು, ಭುಜ ತುಂಬಿಕೊಂಡದ್ದು, ಅವಳ ಕಡೆಗೇ ನಾಲ್ಕೂ ಕಾಲು ಊರಿ ನಿಂತಿತ್ತು.

ಬೇಳೆ ಆರಿಸುವ ಕೈ ನಿಂತಿತು.

"ಹಂಪಿ, ಆ ಎತ್ತು ಹೆಂಗ ನಿಂತೈತಿ ನಿನಗ?"

"ಕಾಲ ಮ್ಯಾಲ ಮಾಡಿ ಬಿದ್ದೈತಿ."

"ಬಾವಿ?"

"ಅದೂ ಬೋರಲ ಐತಿ." ಹುಡುಗಿ ತಾಯಿಯ ಮುಖ ನೋಡಿ ಗಾಬರಿಯಾದಳು. "ಪುಸ್ತಕದಾಗ ಚಿತ್ರ ಎಲ್ಲಾ ಹಂಗ ಇರತಾವಲ್ಲವ್ವ?"

ಕಳಕಮ್ಮನಿಗೆ ನಗು ಬಂತು. ಶ್ರಾವಣದ ತನಕ, ಅದರ ಹಿಂದಿನ ಬೇಸಗೆಯೆಲ್ಲ ಆ ಇಬ್ಬರು ಹೀಗೇ ಕೂತಿದ್ದನ್ನು ಮನೆಮಂದಿಯೆಲ್ಲ ನೋಡಿದ್ದರು. ಪುಸ್ತಕ ಒಂದೇ. ಅದರ ಮುಖ ಓದುವವನ ಕಡೆಗೆ. ಎದುರು ಕೂತವಳಿಗೆ ಸಿಕ್ಕಿದ್ದು ಅದರ ಬೋರಲು. ಅಲ್ಲಿಂದಲೇ ಅವಳು ಒಂದೊಂದು ಅಕ್ಷರವನ್ನೂ ಗುರುತು ಹಿಡಿದು ಕಲಿತಳು. ನೆಟ್ಟಗೆ ಇಟ್ಟರೆ ಹೇಗಾಗುತ್ತದೆ ಎಂದು ಕೇಳಿದ್ದಕ್ಕೆ, ಅಕ್ಷರ ಒಂದೊಂದೇ ಗೊತ್ತಾಗುತ್ತವೆ, ಕೂಡಿಸಿ ಓದಲು ಹೋದರೆ ಓಡಿ ಹೋಗುತ್ತವೆ ಎಂದಳು.

"ಮತ್ತ ಮಗ್ಗಿ? ಅರ್ಧ ಯಾಕ ಬಿಟ್ಟಿ?"

ಹುಡುಗಿ ಪುಸ್ತಕದ ಅಂಚನ್ನು ಬೆರಳಿನಿಂದ ಸವರಿದಳು.

"ಅವು ಅಣ್ಣನ ಸಾಲು."

ಅವನು ಒಂದು ಸಾಲು, ಇವಳು ಒಂದು ಸಾಲು. ಮಗ್ಗಿಯ ಮೊದಲ ಸಾಲು ಅವನದು, ಎರಡನೆಯದು ಇವಳದು. ಅದು ಅವರವರಲ್ಲೇ ಆದ ಪಾಲು.

"ಅವು ನಿನಗ ಬರೂದಿಲ್ಲನು?"

"ಬರತಾವ. ನಾನ ಅಂದ್ರ ಅಂವ ಏನ ಅನ್ನಬೇಕು?"

ಕಳಕಮ್ಮ ಮರವನ್ನು ಪಕ್ಕಕ್ಕಿಟ್ಟಳು. ಕೇಳಬಾರದೆಂದು ಗೊತ್ತಿದ್ದೂ ಕೇಳಿದಳು. "ಈಗೂ ಅಂತಾನನು?"

"ಗ್ವಾಡಿ ಒಳಗಿಂದ ಅಂತಾನ," ಎಂದಳು ಹಂಪವ್ವ, ನೆರೆಮನೆಯವರ ಮಾತು ಹೇಳುವಷ್ಟು ಸಹಜವಾಗಿ. "ಸಣ್ಣಗ. ಕೇಳು ಬೇಕಾರ."

ಅವಳು ಸುಮ್ಮನಾದಳು. ಗಾಣದ ಒನಕೆ ಕಿರುಗುಟ್ಟಿತು. ಗೋಡೆಯಾಚೆಯಿಂದ ಬಂತು: "ಏಳೊಂದ್ಲೆ ಏಳು."

"ಏಳೆರಡ್ಲೆ ಹದಿನಾಕು," ಎಂದಳು ಹುಡುಗಿ.

ಕಳಕಮ್ಮ ಸೆರಗು ಬಿಗಿದು ಎದ್ದಳು. ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಗೋಡೆ ಸವರುತ್ತ ಗಾಣದ ಗುಡಿಸಲಿನ ತನಕ ಹೋದಳು. ಒಳಗೆ ಮಬ್ಬು. ಕಣ್ಣು ಕಟ್ಟಿದ ಎತ್ತು ಸುತ್ತುತ್ತಿತ್ತು. ಹಿಂದೆ ಗಂಡ. ಪಡಸಾಲೆಯ ಗೋಡೆಯ ಹತ್ತಿರ ಬಂದಾಗ ಅವನು ಹೆಜ್ಜೆ ನಿಧಾನ ಮಾಡುತ್ತಿದ್ದ. ಒಳಗಿನಿಂದ ಹುಡುಗಿಯ ದನಿ ಕೇಳಿತು. ಅದು ನಿಂತ ಮೇಲೆ ಅವನ ತುಟಿ ಅಲುಗಿದವು. "ಏಳ್ಮೂರ್ಲೆ ಇಪ್ಪತ್ತೊಂದು."

ಅವನ ಮುಖದ ಮೇಲೆ ಆಗ ಇದ್ದಂಥ ನೆಮ್ಮದಿಯನ್ನು ಅವಳು ಶ್ರಾವಣದಿಂದ ಕಂಡಿರಲಿಲ್ಲ. ಅವನನ್ನು ಕರೆಯದೆ ಬಂದ ದಾರಿಯಲ್ಲೇ ತಿರುಗಿ ಬಂದು ಬೇಳೆ ಆರಿಸಿ ಮುಗಿಸಿದಳು.

ಎಣ್ಣೆ ಕೊಡುವ ನೆವ ಹೇಳಿ ಬೆಳಿಗ್ಗೆ ಮಾಸ್ತರರ ಮನೆಗೆ ಹೋದಳು. ಮಾಸ್ತರರ ಹೆಂಡತಿ ಹಮೀದಾಬಿ ಅವಳ ಮುಖ ನೋಡಿದವಳೇ ಗಂಡನನ್ನು ಕರೆದಳು. ತಾನು ನಡುವೆ ಪರದೆ ಇಳಿಬಿಟ್ಟು, ಮಾತು ಸಲೀಸಾಗಲೆಂದು ಕಳಕಮ್ಮನ ಪಕ್ಕದಲ್ಲಿ ಕೂತಳು. ಪುಸ್ತಕದ ಸಂಗತಿ, ಅಣ್ಣನ ಸಾಲಿನ ಸಂಗತಿ ಎರಡನ್ನೂ ಕಳಕಮ್ಮ ಹೇಳಿದಳು. ಗೋಡೆಯ ದನಿಯ ಸಂಗತಿ ಹೇಳಲಿಲ್ಲ. ಗಂಡನ ಅಳುವನ್ನು ಪರರ ಮನೆಯಲ್ಲಿ ಬಿಚ್ಚಿದಂತಾಗುತ್ತದೆ ಎನ್ನಿಸಿತು.

ಪರದೆಯಾಚೆ ಕಾಗದ ಬಿಚ್ಚಿದ ಸದ್ದಾಯಿತು. ಆಮೇಲೆ ಮಾಸ್ತರರು, "ಹಂಗಾರ ಸೊನ್ನಿ ಅಂದ್ರ ಓದಾಕ ಬರತೈತಿ ಅಂತ," ಎಂದರು. "ಅರ್ಧ ಅಂದ್ರ ಪೂರಾ ಬರತೈತಿ ಅಂತ. ನಾನು ಉಲ್ಟಾ ಓದೀನಕ್ಕ ಆ ಚೀಟಿ."

ಒಮ್ಮೆಲೇ ತಿರುವಬೇಡಿರಿ, ಹೆದರುತ್ತಾಳೆ, ದಿನಾ ಒಂದಿಷ್ಟು ವಾಲಿಸಿರಿ ಎಂದು ಹೇಳಿಕೊಟ್ಟರು. ಸಾಲಿನ ಮಾತು ಮಾತ್ರ ತಮ್ಮಿಂದಾಗದು, ಅದು ಮನೆಯವರದೇ ಎಂದರು. ಹೊರಡುವಾಗ ಹಮೀದಾಬಿ ಎಣ್ಣೆಯ ಖಾಲಿ ಗಿಂಡಿಯಲ್ಲಿ ಒಂದು ಹಿಡಿ ಕೊಬ್ಬರಿ ತುಂಡು ಹಾಕಿ ಕೊಟ್ಟಳು, ಹುಡುಗಿಗೆಂದು.

ಅಂದಿನಿಂದ ಪುಸ್ತಕ ಮರದ ಮೇಲೆ ಕೂತಿತು. ಸಂಜೆ ಸಂಜೆಗೆ ಕಳಕಮ್ಮ ಮರವನ್ನು ಬೆರಳಗಲ ತಿರುಗಿಸುವಳು, ಹುಡುಗಿ ಕುತ್ತಿಗೆ ವಾಲಿಸಿ ಓದುವಳು, ಓದುತ್ತ ಓದುತ್ತ ಕುತ್ತಿಗೆ ನೆಟ್ಟಗಾಗುವುದು. ಬಾವಿಯ ಎತ್ತು ದಿನಕ್ಕಿಷ್ಟು ಎದ್ದಿತು. ಕೇರುವ ಮರದ ಮೇಲೆ ಸತ್ತವನ ಪುಸ್ತಕ ಇಟ್ಟು ತಿರುವುತ್ತೀಯಲ್ಲ, ಲಕ್ಷ್ಮಿ ನಿಲ್ಲುತ್ತಾಳೇನು ಎಂದು ಸಣ್ಣವ್ವ ಕಿರಿಚಿದಳು. ಸೊಸೆ ಜೋಳ ಕೇರಲು ನೆರೆಮನೆಯ ಮರ ತಂದಳು. ಮುದುಕಿ ಅಮಾವಾಸ್ಯೆಗೆ ಬಂಡಿ ಹೇಳಿಯೇ ಬಂದಿದ್ದಳು. ಸಾಹೇಬರು ಬರುವುದು ಅದರ ಹಿಂದಿನ ದಿನ. ಅಂದು ಹುಡುಗಿ ಸೋತರೆ ಶಾಲೆಯೂ ಮುಗಿಯಿತು, ಬೇವಿನ ಜುಳಪಿಯೂ ತಪ್ಪಲಿಲ್ಲ ಎಂಬುದು ಕಳಕಮ್ಮನಿಗೆ ಸ್ಪಷ್ಟವಿತ್ತು.

ಓದು ದಾರಿಗೆ ಬಂತು. ಸಾಲು ಬರಲಿಲ್ಲ. ಎಷ್ಟು ಪುಸಲಾಯಿಸಿದರೂ ಹಂಪವ್ವ ಅಣ್ಣನ ಸಾಲಿಗೆ ಬಾಯಿ ಹಚ್ಚಳು. ಗೋಡೆಯಿಂದ ಉತ್ತರ ಬರುತ್ತಿರುವ ತನಕ ಅವಳೇಕೆ ಹಚ್ಚಿಯಾಳು?

ಸಾಹೇಬರು ಬರಲು ಒಂದೇ ದಿನ ಉಳಿದಾಗ ಕಳಕಮ್ಮ ಗಾಣಕ್ಕೆ ನೀರಿನ ಚೆಂಬು ಒಯ್ದಳು. ಗಂಡ ಕುಡಿಯುವುದನ್ನು ಕಾದಳು.

"ನೀವು ಅನ್ನೂದನ್ನ ಅಕಿ ಕೇಳಸ್ಕೊಂತಾಳ್ರಿ," ಎಂದಳು. "ಅಣ್ಣ ಅಂತ ತಿಳದಾಳ."

ಮುದಿಯಪ್ಪ ಗೋಡೆಯ ಕಡೆ ತಿರುಗಿ ನೋಡಿದ. ತನಗಲ್ಲದೆ ಇನ್ನೊಬ್ಬರಿಗೆ ಕೇಳುತ್ತದೆಂದು ಅವನು ಎಣಿಸಿರಲಿಲ್ಲ.

"ಅಲ್ಲಿ ಜಾಗಾ ಬಿಟ್ಟಿದ್ಲು," ಎಂದ ಚೆಂಬು ಕೆಳಗಿಡುತ್ತ. "ಖಾಲಿ ಬಿಡಬಾರ್ದು ಅನ್ನಿಸ್ತು."

"ನಾಳೆ ಸಾಹೇಬರ ಮುಂದನೂ ಬಿಡತಾಳ್ರಿ. ಬಿಟ್ರ ನಿಮ್ಮವ್ವ ಬಂಡಿ ಹೂಡಸ್ತಾರ. ಅಕಿಗೆ ಬಡಿತಾರ. ಸತ್ತಾಂವಗಲ್ಲ, ಇದ್ದಾಕಿಗೆ."

ಅವನು ಎತ್ತಿನ ಬೆನ್ನು ತಟ್ಟಿದ. ಒನಕೆ ತಿರುಗತೊಡಗಿತು.

ಆ ಸಂಜೆ ಹಂಪವ್ವ ದೀಪದ ಮುಂದೆ ಕೂತು ಏಳರ ಮಗ್ಗಿಗೆ ಕಿವಿಗೊಟ್ಟಳು. ಮೊದಲ ಸಾಲು ಅವನದು. ಗೋಡೆ ಸುಮ್ಮನಿತ್ತು. ಗಾಣವೂ ನಿಂತಿತ್ತು. ಅಷ್ಟು ನಿಶ್ಶಬ್ದ ಆ ಮನೆಯಲ್ಲಿ ಹೆಣ ಮಲಗಿದ್ದ ದಿನವೂ ಇರಲಿಲ್ಲ. ಹುಡುಗಿ ಕಾಯುತ್ತಲೇ ಇದ್ದಳು. ಒಲೆಯ ಮುಂದೆ ಸಣ್ಣವ್ವ ಜಪದಂತೆ ಏನೋ ಗೊಣಗತೊಡಗಿದಳು.

ಹಿತ್ತಲ ಬಾಗಿಲು ಸರಿಯಿತು. ಮುದಿಯಪ್ಪ ಮೈಯೆಲ್ಲ ಎಣ್ಣೆ ಹಿಂಡಿಯ ಪುಡಿ ಮೆತ್ತಿಕೊಂಡು ಪಡಸಾಲೆಗೆ ಬಂದ. ದೀಪದಾಚೆಯ ಜಾಗದಲ್ಲಿ ಕೂತ. ಮಗಳ ಕಣ್ಣು ನೋಡುತ್ತ, ತನ್ನದೇ ಒರಟು ದನಿಯಲ್ಲಿ, "ಏಳೊಂದ್ಲೆ ಏಳು," ಎಂದ.

ಹುಡುಗಿಯ ಮುಖ ನಿಧಾನಕ್ಕೆ ಬಿಳಿಚಿಕೊಂಡಿತು.

"ನಾನವ್ವ ಅನ್ನತಿದ್ದಾಂವ," ಎಂದ. "ಗ್ವಾಡಿ ಆಚಿಂದ. ನಿನ್ನ ಅಣ್ಣ ಅಲ್ಲ. ಅಂವ ಅನ್ನಂಗಿಲ್ಲ ಇನ್ನ. ಅವನ ಸಾಲೂ ನೀನ ಅನ್ನಬೇಕು."

ಹಂಪವ್ವ ಅಳಲಿಲ್ಲ. ಏನನ್ನೋ ಹೊಂದಿಸುವವಳಂತೆ ಹುಬ್ಬು ಗಂಟಿಕ್ಕಿ ಕೂತಿದ್ದಳು. ಆಮೇಲೆ ಕೇಳಿದಳು: "ಒಂಬತ್ತರದೂ ನೀನ ಅಂತಿದ್ದೇನು?"

ಮುದಿಯಪ್ಪ ತಬ್ಬಿಬ್ಬಾದ. ಚಿಕ್ಕಂದಿನಲ್ಲಿ ಐಗಳ ಮಠದ ಶಾಲೆಯಲ್ಲಿ ಅವನು ಕಲಿತ ಮಗ್ಗಿ ಎಂಟರ ತನಕ. ಆಮೇಲೆ ಗಾಣಕ್ಕೆ ಬಂದವನು.

"ಒಂಬತ್ತರದು ನನಗ ಬರಂಗಿಲ್ಲವ್ವ," ಎಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತ ಕಳಕಮ್ಮ ಚೌಕಟ್ಟನ್ನು ಹಿಡಿದುಕೊಂಡಳು. ಗೋಡೆಯಿಂದ ಒಂಬತ್ತರ ಸಾಲು ಕೇಳಿದ ಆ ಸಂಜೆಯ, ಹೊತ್ತಿದ ರೊಟ್ಟಿಯ ಕಹಿ ನಾಲಿಗೆಯ ಮೇಲೆ ಬಂದಂತಾಯಿತು. ಗಂಡ ಅವಳ ಕಡೆ ನೋಡಿದ. ಅವಳು ಏನೂ ಹೇಳಲಿಲ್ಲ, ಆ ದಿನವೂ, ಮುಂದೆ ಬಾಳಿದ ಯಾವ ದಿನವೂ.

ಹುಡುಗಿ ದೀಪದ ಕುಡಿಯನ್ನೇ ನೋಡುತ್ತಿದ್ದಳು. ಆಮೇಲೆ ಯಾರಿಗೋ ದಾರಿ ಬಿಡುವವಳಂತೆ ಒಂದಿಷ್ಟು ಪಕ್ಕಕ್ಕೆ ಸರಿದು ಕೂತು, ಮೊದಲಿನಿಂದ ಶುರು ಮಾಡಿದಳು. ಒಂಬತ್ತರ ಮಗ್ಗಿ. ಒಂಬತ್ತೊಂದ್ಲೆ, ಒಂಬತ್ತೆರಡ್ಲೆ, ಒಂಬತ್ಮೂರ್ಲೆ. ಎಲ್ಲೂ ನಿಲ್ಲದೆ, ಒಂದೇ ದನಿಯಲ್ಲಿ, ಹತ್ತರ ತನಕ. ಅವಳು ಮುಗಿಸಿದಾಗ ಪಣತಿಯ ಕುಡಿ ಅಲುಗದೆ ನೆಟ್ಟಗೆ ನಿಂತಿತ್ತು.

ಒಲೆಯ ಮುಂದೆ ಸಣ್ಣವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಹೋದ," ಎಂದಳು. "ಈಗ ಹೋದ ನನ್ನ ಕೂಸು." ಅವಳಿಗೆ ಇಲ್ಲವೆನ್ನುವವರು ಆ ಮನೆಯಲ್ಲಿ ಅಂದು ಯಾರೂ ಇರಲಿಲ್ಲ.

ಮರುದಿನ ಮಧ್ಯಾಹ್ನ ನಜೀರಸಾಬ ಮಾಸ್ತರರು ಬಿಸಿಲಲ್ಲಿ ಕೊಡೆಯನ್ನೂ ಬಿಚ್ಚದೆ ಬಂದರು. ಸಾಹೇಬರು ಪುಸ್ತಕ ಕೊಟ್ಟಾಗ ಹುಡುಗಿ ಒಂದು ಗಳಿಗೆ ಅದನ್ನು ಕೈಯಲ್ಲಿ ಹಿಡಿದು ನಿಂತಳಂತೆ. ಆಮೇಲೆ ನೆಟ್ಟಗೆ ಹಿಡಿದು, ನಿಧಾನವಾಗಿ, ಬೆರಳಿಟ್ಟು ಓದಿದಳು. ಮಗ್ಗಿಯಲ್ಲಿ ಒಂದು ಸಾಲನ್ನೂ ಬಿಡಲಿಲ್ಲ. ಸಾಹೇಬರು ಮೊದಲು ಬರೆದದ್ದನ್ನು ಹೊಡೆದು ಹಾಕಿ ರುಜು ಮಾಡಿದರು. ಆರನೇ ತರಗತಿಗೆ ಹೋಗಬಹುದು. ಕಳಕಮ್ಮ ಮಾಸ್ತರರಿಗೆ ಬೆಲ್ಲ ನೀರು ಕೊಟ್ಟಳು. ಸಣ್ಣವ್ವ ಯಾರಿಗೂ ಹೇಳದೆ ಹೋಗಿ ಬಂಡಿ ಬೇಡವೆಂದು ಹೇಳಿ ಬಂದಳು.

ಹೊತ್ತು ಮುಳುಗಿತು. ಅಂದು ಪಡಸಾಲೆಯಲ್ಲಿ ಮಗ್ಗಿ ಇರಲಿಲ್ಲ. ಗಾಣವೂ ಬೇಗ ನಿಂತಿತು, ಆದರೆ ಮುದಿಯಪ್ಪ ಒಳಗೆ ಬರಲಿಲ್ಲ. ಕಳಕಮ್ಮ ಒಮ್ಮೆ ಕರೆದಳು, ಸಣ್ಣವ್ವ ಒಮ್ಮೆ ಕರೆದಳು. ಎತ್ತನ್ನು ಬಿಚ್ಚಿ ಕಟ್ಟಿದ ಮೇಲೂ ಅವನು ಗಾಣದ ಕಲ್ಲಿಗೆ ಒರಗಿ, ಪಡಸಾಲೆಯ ಗೋಡೆಯ ಕಡೆ ಮುಖ ಮಾಡಿ ಕೂತೇ ಇದ್ದ. ಕಳಕಮ್ಮ ತಟ್ಟೆಗೆ ರೊಟ್ಟಿ ಹಾಕಿ, ಬದನೆಕಾಯಿ ಪಲ್ಯೆ ಬಡಿಸಿ, ಏಳಬೇಕೆಂದಾಗ ಹಂಪವ್ವ ಬಂದು ತಟ್ಟೆಗೆ ಕೈ ಹಾಕಿದಳು.

ಕಳಕಮ್ಮ ಬಿಟ್ಟುಕೊಟ್ಟಳು.

ಹುಡುಗಿ ಕತ್ತಲೆಯ ಹಿತ್ತಲು ದಾಟಿ ಗುಡಿಸಲಿನೊಳಗೆ ಹೋದದ್ದನ್ನು ಬಾಗಿಲಿನಿಂದ ನೋಡಿದಳು. ಹಂಪವ್ವ ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತು, ತಟ್ಟೆಯನ್ನು ಅವನ ಎರಡೂ ಕೈಗೆ ಇಟ್ಟು, ಅವನು ರೊಟ್ಟಿ ಮುರಿಯುವ ತನಕ ತಳಕ್ಕೆ ತನ್ನ ಕೈ ಹಿಡಿದಿದ್ದಳು.